ಅರ್ಧ ಗರಿಯ ಚಾಪೆ

ಸವಾಯಿ ದ್ವೀಪದ ವಾಯಿಮೋಲಿ ಊರಿನ ಮಸೀನಳ ಸಂಜೆ ಪ್ರಾರ್ಥನೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಅದು ಅವತ್ತಿನ ವಾರ್ತೆಯ ಮೇಲೆ ನಿಂತಿರುತ್ತಿತ್ತು.

ಸಂಜೆ ಮೊದಲ ಶಂಖ ಊದಿದ ಮೇಲೆ ಆ ಊರಿನ ರಸ್ತೆಯಲ್ಲಿ ಯಾರೂ ಓಡಾಡುವುದಿಲ್ಲ. ಎಲ್ಲರೂ ಅವರವರ ಮನೆಯಲ್ಲಿ ಚಾಪೆಯ ಮೇಲೆ ಕುಳಿತು, ಒಂದು ಹಾಡು ಹೇಳಿ, ದೇವರನ್ನು ನೆನೆದು, ಎರಡನೆಯ ಶಂಖಕ್ಕೆ ಊಟಕ್ಕೆ ಏಳುತ್ತಾರೆ. ಮಸೀನಳ ಮನೆಯಲ್ಲಿ ಮಾತ್ರ ಎರಡನೆಯ ಶಂಖ ಊದಿ, ಅಕ್ಕಪಕ್ಕದ ಮನೆಗಳಲ್ಲಿ ತಟ್ಟೆಗಳ ಸದ್ದು ಶುರುವಾದರೂ ಪ್ರಾರ್ಥನೆ ನಡೆದೇ ಇರುತ್ತಿತ್ತು. ಬೆಳಗಿನ ಏಳರ ವಾರ್ತೆಯಲ್ಲಿ, ಮಧ್ಯಾಹ್ನದ ವಾರ್ತೆಯಲ್ಲಿ ಯಾರಿಗೆ ಏನು ಕೇಡಾಯಿತೋ ಅವರನ್ನೆಲ್ಲ ಅವಳು ಒಬ್ಬೊಬ್ಬರನ್ನಾಗಿ ದೇವರ ಮುಂದೆ ತಂದು ನಿಲ್ಲಿಸಬೇಕಿತ್ತು.

ಒಮ್ಮೆ ದೂರದ ಚಳಿ ದೇಶವೊಂದರಲ್ಲಿ ಒಬ್ಬ ಮುದುಕ ತನ್ನ ಮನೆಯಲ್ಲೇ ಸತ್ತು, ಎರಡು ವರ್ಷ ಯಾರಿಗೂ ಗೊತ್ತಾಗದೆ ಕುರ್ಚಿಯಲ್ಲೇ ಕುಳಿತಿದ್ದನೆಂದು ರೇಡಿಯೊದಲ್ಲಿ ಬಂತು. ಮಸೀನ ನೇಯುತ್ತಿದ್ದ ಎಳೆಯನ್ನು ಕೈಬಿಟ್ಟಳು.

"ಎರಡು ವರ್ಷ! ಪಕ್ಕದ ಮನೆಯವರಿಗೆ ಕಾಣಿಸ್ಲಿಲ್ವಾ?"

"ಅಲ್ಲಿ ಮನೆಗೆ ಗೋಡೆ ಇರುತ್ತೆ ಅತ್ತಿಗೆ," ಎಂದಳು ನಾದಿನಿ ಲೆಪೇಕ.

"ಗೋಡೆ ಇದ್ರೆ? ಕೂಗಿ ಕರೆಯೋಕೆ ಬಾಯಿ ಇರಲ್ವಾ?"

ಸುತ್ತಲೂ ಕಂಬಗಳು, ಮೇಲೊಂದು ಚಾವಣಿ; ಯಾರು ಕೆಮ್ಮಿದರೂ ಇಡೀ ಬೀದಿಗೆ ಕೇಳುವ ಮನೆಯಲ್ಲಿ ಹುಟ್ಟಿ ಬೆಳೆದವಳು ಅವಳು. ಆ ಮುದುಕನಿಗಾಗಿ ಒಂದು ತಿಂಗಳು ಪ್ರಾರ್ಥಿಸಿದಳು. ಇನ್ನೊಮ್ಮೆ ಮೂರು ಸಾವಿರ ಕುರಿಗಳಿದ್ದ ಹಡಗು ಮುಳುಗಿತು. ಅವಳು ಕುರಿಗಳ ವಿಷಯಕ್ಕೆ ಬಂದಾಗ ಗಂಡ ತಾನಿಯೇಲು ಒಂದು ಕಣ್ಣು ತೆರೆದು, "ಕುರಿಗಳನ್ನ ಒಟ್ಟಿಗೆ ಸೇರಿಸಿ ಹೇಳು ಮಾರಾಯ್ತಿ, ಒಂದೊಂದಾಗಿ ಬೇಡ," ಎಂದು ಗೊಣಗಿದ.

ಇದೆಲ್ಲ ಎಲ್ಲಿಂದ ಬಂತೆಂದು ಊರಿನ ಹಿರಿಯರಿಗೆ ಗೊತ್ತಿತ್ತು. ಮಸೀನಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳ ಅಪ್ಪನ ದೋಣಿ ದಿಕ್ಕು ತಪ್ಪಿ ಹತ್ತೊಂಬತ್ತು ದಿನ ಸಮುದ್ರದಲ್ಲಿ ಅಲೆದಿತ್ತು. ಕೊನೆಗೆ ಬೇರೊಂದು ದ್ವೀಪದ ಮೀನುಗಾರರು ಅವನನ್ನು ದಡಕ್ಕೆ ತಂದರು. ಅಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಅವನ ಕೈಹಿಡಿದು, "ರೇಡಿಯೊದಲ್ಲಿ ನಿನ್ನ ಸುದ್ದಿ ಕೇಳಿದ ದಿನದಿಂದ ದಿನಾ ನಿನಗೋಸ್ಕರ ಬೇಡಿಕೊಂಡೆ," ಎಂದಳಂತೆ. ಅಪ್ಪ ಸಾಯುವವರೆಗೂ ಆ ಮಾತನ್ನು ಹೇಳುತ್ತಿದ್ದ. ಮಸೀನ ಆ ಹೆಂಗಸಿನ ಸರದಿಯನ್ನು ತಾನು ವಹಿಸಿಕೊಂಡವಳಂತೆ ಇದ್ದಳು.

ಆ ಗುರುವಾರ ಬೆಳಿಗ್ಗೆ ಹೆಂಗಸರೆಲ್ಲ ನೇಯ್ಗೆಯ ಮನೆಯಲ್ಲಿ ಸೇರಿದ್ದರು. ಮಸೀನಳ ಮುಂದೆ ಎರಡು ವರ್ಷದಿಂದ ನೇಯುತ್ತಿದ್ದ ಸಣ್ಣೆಳೆಯ ಚಾಪೆ ಇತ್ತು. ಬಟ್ಟೆಯಂತೆ ಮೆತ್ತಗಾಗಿದ್ದ ಅದರ ಅಂಚಿಗೆ ಕೆಂಪು ಗರಿಗಳನ್ನು ಕಟ್ಟುವುದಷ್ಟೇ ಬಾಕಿ. ಅರ್ಧ ಅಂಚು ಕೆಂಪಾಗಿತ್ತು, ಇನ್ನರ್ಧ ಬರಿದಾಗಿತ್ತು. ಹೊಸ ಚರ್ಚಿನ ಪ್ರವೇಶಕ್ಕೆ ಕೊಡಬೇಕಾದ ಚಾಪೆ ಅದು.

ಏಳರ ವಾರ್ತೆ ಶುರುವಾಯಿತು. "ಅತ್ತಿಗೆ, ಕಿವಿ ನೆಟ್ಟಗೆ ಮಾಡ್ಕೋ," ಎಂದು ಲೆಪೇಕ ಛೇಡಿಸಿದಳು. "ಇವತ್ತು ಕಡಿಮೆ ಜನ ಸಾಯ್ಲಿ ದೇವರೇ, ನಮ್ಮನೇಲಿ ಮೀನಿನ ಸಾರು."

ಹೆಂಗಸರು ನಕ್ಕರು. ಆ ನಗುವಿನ ನಡುವೆಯೇ ವಾರ್ತೆ ಹೇಳುವವನ ದನಿ ಬಂತು: ನಿನ್ನೆ ಸಂಜೆ ಸಲೇಪುವದಲ್ಲಿ ವಾಯಿಮೋಲಿಯ ಮಾಲಂಗಿ ಎಂಬ ಮುಖ್ಯಸ್ಥರು ಓಡಿಸುತ್ತಿದ್ದ ಗಾಡಿ ಬಡಿದು ಯಾಕೊಪೊ ಎಂಬ ವೃದ್ಧರು ತೀರಿಕೊಂಡಿದ್ದಾರೆ. ಚಾಲಕ ಪೊಲೀಸರ ವಶದಲ್ಲಿದ್ದಾನೆ.

ಹೆಂಗಸರೆಲ್ಲ ಮಸೀನಳತ್ತ ತಿರುಗಿದರು. ಮಾಲಂಗಿ ಎಂಬುದು ಮನೆತನದ ಪಟ್ಟದ ಹೆಸರು. ಆ ಪಟ್ಟ ಮೂವರಿಗಿತ್ತು. ಒಬ್ಬ ನ್ಯೂಜಿಲೆಂಡಿನಲ್ಲಿದ್ದ. ಇನ್ನೊಬ್ಬ ಆಚೆ ದ್ವೀಪದ ಆಪಿಯಾ ಪಟ್ಟಣದಲ್ಲಿದ್ದ, ವರ್ಷಕ್ಕೊಮ್ಮೆ ಕ್ರಿಸ್‌ಮಸ್‌ಗೆ ಬಂದರೆ ಬಂದ. ಮೂರನೆಯವನು ತಾನಿಯೇಲು. ಅವನು ನಿನ್ನೆ ಮಧ್ಯಾಹ್ನ ಗಾಡಿಯ ತುಂಬ ಕೆಸುವಿನ ಗೆಡ್ಡೆ ಹೇರಿಕೊಂಡು, ಸಲೇಪುವದ ದಾರಿಯಲ್ಲೇ ಸಲೆಲೊಲೊಂಗ ಸಂತೆಗೆ ಹೋಗಿದ್ದ. ರಾತ್ರಿ ಬಂದಿರಲಿಲ್ಲ. ನೆಂಟರ ಮನೆಯಲ್ಲಿ ಉಳಿದಿರಬೇಕೆಂದು ಮಸೀನ ನಿಶ್ಚಿಂತಳಾಗಿದ್ದಳು.

ಅವಳು ಎದ್ದು ಮನೆಗೆ ಓಡಿದಳು. ತಾನಿಯೇಲುವಿನ ಫೋನು ಎಂದಿನಂತೆ ಕಂಬದ ಮೊಳೆಯಲ್ಲಿ ನೇತಾಡುತ್ತಿತ್ತು. ಲೆಪೇಕ ಪೊಲೀಸ್ ಠಾಣೆಗೆ ಆರು ಸಲ ಫೋನು ಹಚ್ಚಿದಳು. ಯಾರೂ ಎತ್ತಲಿಲ್ಲ.

ಆಗಲೇ ತಾನಿಯೇಲುವಿನ ದೊಡ್ಡಪ್ಪ ಪೆನಿಯಾಮಿನ ಕೋಲೂರಿಕೊಂಡು ಬಂದ. ಅವನೂ ವಾರ್ತೆ ಕೇಳಿದ್ದ. ಚರ್ಚಿಗೆ ಹಾಕುವ ಬಿಳಿ ಅಂಗಿ ಮೈಗೇರಿಸಿಯಾಗಿತ್ತು.

"ಚಾಪೆ ತಗೋ ಮಗಳೇ," ಎಂದ. "ಇಫೊಂಗಕ್ಕೆ ಹೋಗ್ಬೇಕು, ಸತ್ತವರ ಮನೆ ಮುಂದೆ ಚಾಪೆ ಹೊದ್ದು ಕ್ಷಮೆ ಬೇಡ್ಬೇಕು. ಬಿಸಿಲೇರಿದಷ್ಟೂ ಅವರ ಮನೆ ಗಂಡಸರ ಸಿಟ್ಟು ಏರುತ್ತೆ. ಕತ್ತಿ ಹಿಡ್ಕೊಂಡು ಅವರು ಇಲ್ಲಿಗೆ ಬರೋ ಮೊದ್ಲು ನಾವು ಅಲ್ಲಿ ಮಂಡಿಯೂರಿರ್ಬೇಕು."

"ಮೊದ್ಲು ಅವರನ್ನ ನೋಡ್ಬೇಕು ದೊಡ್ಡಪ್ಪ. ಲಾಕಪ್ಪಿನಲ್ಲಿ ಏನಾಗಿದೆಯೋ..."

"ಅವನು ಬದುಕಿದಾನೆ. ಸತ್ತಿರೋದು ಅವರ ಮನೇಲಿ."

ಮಸೀನ ಚಾಪೆ ಸುತ್ತಿದಳು. ಬರಿದಾದ ಅಂಚು ಹೊರಗೆ ಕಾಣುತ್ತಿತ್ತು. ಲೆಪೇಕ ಅದನ್ನು ನೋಡಿದಳು, ಒಳಗೆ ಹೋದಳು. ತನ್ನ ಮದುವೆಗೆ ಅವ್ವ ಕೊಟ್ಟ, ಇಪ್ಪತ್ತು ವರ್ಷ ಹಾಸಿಗೆಯಡಿ ಕಾಪಾಡಿದ್ದ ಚಾಪೆಯನ್ನು ತಂದು ದೊಡ್ಡಪ್ಪನ ಕೈಗಿಟ್ಟಳು. "ನಮ್ಮಣ್ಣನಿಗೆ ಅರ್ಧ ಚಾಪೆ ಸಾಕಾಗಲ್ಲ," ಎಂದಳು.

ಮೂವರೂ ಹತ್ತಿದ ಬಸ್ಸು ಕಿಕ್ಕಿರಿದಿತ್ತು. ಹಾಗೆ ತುಂಬಿದಾಗ ಕುಳಿತವರ ತೊಡೆಯ ಮೇಲೆ ನಿಂತವರು ಕೂರುವುದು ಅಲ್ಲಿನ ರೂಢಿ. ಎರಡನೆಯ ನಿಲ್ದಾಣದಲ್ಲಿ ಕೋಕೋ ಬೀಜದ ಬುಟ್ಟಿ ಹಿಡಿದ ದಪ್ಪನೆಯ ಹೆಂಗಸೊಬ್ಬಳು ಹತ್ತಿ, "ಸ್ವಲ್ಪ ಭಾರ ತಡ್ಕೋ ಅಕ್ಕ," ಎಂದು ಮಸೀನಳ ತೊಡೆಯ ಮೇಲೆ ಕುಳಿತಳು. ಕುಳಿತವಳು ಸುಮ್ಮನಿರಲಿಲ್ಲ.

"ವಾರ್ತೆ ಕೇಳಿದ್ಯಾ? ವಾಯಿಮೋಲಿಯ ಯಾವನೋ ಮಾಲಂಗಿಯಂತೆ. ಕುಡ್ದಿರ್ತಾನೆ ಬಿಡು. ಪಟ್ಟ ಕಟ್ಟಿದ ಕೂಡ್ಲೇ ರಸ್ತೆನೂ ತಮ್ಮದೇ ಅನ್ಕೋತಾರೆ. ಪಾಪ, ಆ ಮುದುಕ!"

ಲೆಪೇಕ ಬಾಯಿ ತೆರೆದಳು. ಮಸೀನ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ತಾನಿಯೇಲು ಕುಡಿಯುವವನಲ್ಲ. ಕೋಳಿ ಅಡ್ಡ ಬಂದರೂ ಗಾಡಿ ನಿಲ್ಲಿಸಿ ಅದು ದಾಟುವವರೆಗೆ ಕಾಯುವವನು. ಆದರೆ ಇದನ್ನು ಯಾರಿಗೆ ಹೇಳುವುದು? ಬಸ್ಸಿನಲ್ಲಿದ್ದವರೆಲ್ಲ ಲೊಚಗುಟ್ಟುತ್ತಿದ್ದರು. ತಾನೂ ದಿನವೂ ಹೀಗೆಯೇ ಲೊಚಗುಟ್ಟಿದವಳು. ಆ ಸದ್ದು ತನ್ನ ಮನೆಯ ಮೇಲೆ ಬಿದ್ದರೆ ಹೇಗಿರುತ್ತದೆಂದು ಅವಳಿಗೆ ಇವತ್ತೇ ಗೊತ್ತಾಗಿದ್ದು.

ಸಲೇಪುವ ಬಂತು. ಮೂವರೂ ಇಳಿಯಲು ಎದ್ದಾಗ ಆ ಹೆಂಗಸು ಸುತ್ತಿದ ಚಾಪೆಗಳನ್ನು ನೋಡಿದಳು, ದೊಡ್ಡಪ್ಪನ ಬಿಳಿ ಅಂಗಿಯನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಬುಟ್ಟಿಯನ್ನು ನೆಲಕ್ಕಿಟ್ಟು ಮಸೀನಳ ತೋಳು ಹಿಡಿದಳು.

"ಅಕ್ಕ, ನನ್ನ ನಾಲಿಗೆಗೆ ಬೆಂಕಿ ಬೀಳ್ಲಿ. ಅವರ ಹೆಸರೇನು? ಸಂಜೆ ಪ್ರಾರ್ಥನೇಲಿ ಹೇಳ್ಕೋತೀನಿ."

"ತಾನಿಯೇಲು," ಎಂದಳು ಮಸೀನ. ಬೆಳಗಿನಿಂದ ಆ ಹೆಸರು ಅವಳ ಬಾಯಿಂದ ಹೊರಬಂದಿದ್ದು ಅದೇ ಮೊದಲು. ಇಳಿಯುವಾಗ ಅವಳ ಕಣ್ಣು ಮಂಜಾಗಿ ಮೆಟ್ಟಿಲು ಕಾಣಲಿಲ್ಲ.

ಯಾಕೊಪೊನ ಮನೆ ಚರ್ಚಿನ ಪಕ್ಕದಲ್ಲಿತ್ತು. ಮೂವರೂ ಅಂಗಳದ ಹರಳುಗಲ್ಲುಗಳ ಮೇಲೆ ಮಂಡಿಯೂರಿ ತಲೆ ಬಗ್ಗಿಸಿದರು. ಲೆಪೇಕಳ ಚಾಪೆಯನ್ನು ಪೆನಿಯಾಮಿನ ಹೊದ್ದುಕೊಂಡ. ಅರ್ಧ ಗರಿಯ ಚಾಪೆಯ ಕೆಳಗೆ ಅತ್ತಿಗೆ ನಾದಿನಿಯರಿಬ್ಬರೂ ಸೇರಿಕೊಂಡರು. ಹೀಗೆ ಕುಳಿತವರು ಮಾತಾಡುವಂತಿಲ್ಲ. ಮನೆಯವರೂ ಅವರೊಡನೆ ಮಾತಾಡುವಂತಿಲ್ಲ. ಆ ಮನೆಯ ಯಜಮಾನ ಬಂದು ಚಾಪೆಯನ್ನು ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಏನಾದರೂ ಆಗಬಹುದು. ಈಗ ಯಜಮಾನನೇ ಇಲ್ಲದ ಮನೆಯಲ್ಲಿ ಯಾರು ಎತ್ತಬೇಕು? ಅವನ ತಮ್ಮನೋ, ಮಗನೋ?

ಬಿಸಿಲು ಬೆನ್ನಿಗೆ ಕಚ್ಚತೊಡಗಿತು. ಚಾಪೆಯೊಳಗೆ ಒಣಗಿದ ಎಲೆಯ ವಾಸನೆ, ಲೆಪೇಕಳ ಬೆವರಿನ ವಾಸನೆ. ಮಸೀನ ಎಂದಿನಂತೆ ಪ್ರಾರ್ಥಿಸಲು ನೋಡಿದಳು, ಆಗಲಿಲ್ಲ. ಲೋಕದವರ ಕಷ್ಟವನ್ನೆಲ್ಲ ಸಾಲು ಸಾಲಾಗಿ ಹೇಳುತ್ತಿದ್ದವಳಿಗೆ ತನ್ನದಕ್ಕೆ ಒಂದು ಪದವೂ ಸಿಗಲಿಲ್ಲ. ಬರಿದೇ, ತಾನಿಯೇಲು, ತಾನಿಯೇಲು ಎನ್ನುತ್ತಿದ್ದಳು.

ಎಷ್ಟೋ ಹೊತ್ತಾದ ಮೇಲೆ ಒಂದು ವಿಷಯ ಅವಳ ಗಮನಕ್ಕೆ ಬಂತು. ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಹಿತ್ತಲಿನಿಂದ ಎಣ್ಣೆಯಲ್ಲಿ ಕರಿಯುವ ಸದ್ದು, ಬಾಳೆಹಣ್ಣಿನ ವಡೆಯ ಘಮ ಬರುತ್ತಿತ್ತು. ಯಾವುದೋ ಹುಡುಗಿ ಕಿಸಕ್ಕನೆ ನಕ್ಕಳು, ಯಾರೋ ಅವಳ ಬಾಯಿ ಮುಚ್ಚಿಸಿದರು.

ಲೆಪೇಕ ತುಟಿ ಅಲುಗಿಸದೆ ಪಿಸುಗುಟ್ಟಿದಳು: "ಅತ್ತಿಗೆ, ಸಾವಿನ ಮನೇಲಿ ಯಾರಾದ್ರೂ ವಡೆ ಕರೀತಾರಾ?"

"ಶ್! ಬಂದವರಿಗೆ ಇರ್ಬೇಕು."

"ಬಂದವರು ನಾವು ಮೂರೇ ಜನ."

ಮಸೀನ ಅವಳ ತೊಡೆ ಚಿವುಟಿದಳು. ಆದರೆ ಅವಳೂ ಹಿತ್ತಲಿನ ಸದ್ದಿಗೆ ಕಿವಿಗೊಡತೊಡಗಿದ್ದಳು.

ಆಗ ಅದು ಕೇಳಿಸಿತು. ದೂರದ ತಿರುವಿನಲ್ಲಿ ಒಂದು ಗಾಡಿ ಮೂರು ಸಲ ಕೆಮ್ಮಿ, ಒಂದು ಸಲ ಸೀನಿ, ಆಮೇಲೆ ಗಡಗಡ ಸದ್ದು ಮಾಡುತ್ತ ಏರು ಹತ್ತಿತು. ಸವಾಯಿ ದ್ವೀಪದಲ್ಲೆಲ್ಲ ಹಾಗೆ ಸೀನುವ ಗಾಡಿ ಒಂದೇ. ಹೊಗೆ ಕೊಳವೆಗೆ ತಂತಿ ಸುತ್ತಿದ್ದವಳು ಮಸೀನಳೇ. ಲೆಪೇಕಳ ಉಗುರುಗಳು ಅವಳ ಅಂಗೈಗೆ ಇಳಿದವು. ಪೊಲೀಸರೇ ಓಡಿಸಿಕೊಂಡು ಬಂದರೇ? ಗಾಡಿ ಅಂಗಳದ ಅಂಚಿಗೆ ಬಂದು ನಿಂತಿತು. ಬಾಗಿಲು ತೆರೆಯಿತು.

"ಅಯ್ಯೋ," ಎಂದಿತು ಒಂದು ದನಿ. "ಆ ಅರ್ಧ ಗರಿ ನಮ್ಮನೇದು!"

ತಾನಿಯೇಲುವಿನ ದನಿ.

ಮಸೀನ ಎದ್ದು ನಿಲ್ಲಬೇಕೆಂದುಕೊಂಡಳು. ಆದರೆ ಪಕ್ಕದ ಚಾಪೆಯಿಂದ ಪೆನಿಯಾಮಿನ ಗದರಿದ: "ಅಲುಗಾಡ್ಬೇಡಿ. ಎತ್ತೋರು ಎತ್ಲಿ." ಅವಳು ಹಾಗೇ ಕುಳಿತಳು. ಕಣ್ಣೀರು ಮೂಗಿನ ತುದಿಯಿಂದ ಹರಳುಗಲ್ಲಿನ ಮೇಲೆ ತೊಟ್ಟಿಕ್ಕಿತು. ಕೋಲಿನ ಸದ್ದು ಹತ್ತಿರ ಬಂತು, ಜೊತೆಗೆ ಒಂದು ಕಾಲು ಎಳೆಯುವ ಸದ್ದು. ಯಾರೋ ಚಾಪೆಯ ತುದಿ ಹಿಡಿದು ಮೆಲ್ಲನೆ ಎತ್ತಿದರು. ಬೆಳಕಿನಲ್ಲಿ ಹಲ್ಲಿಲ್ಲದ ಮುದುಕನೊಬ್ಬ ನಿಂತಿದ್ದ. ಮೊಣಕಾಲಿನವರೆಗೆ ಬಿಳಿ ಪಟ್ಟಿ.

"ಏಳಮ್ಮ, ಏಳು," ಎಂದ. "ಸತ್ತವನೇ ಬಂದಿದೀನಿ."

ಯಾಕೊಪೊನನ್ನು ಮನೆಯ ಮೆಟ್ಟಿಲ ಮೇಲೆ ಕೂರಿಸಿದ ಮೇಲೆ ತಾನಿಯೇಲು ನಡೆದದ್ದನ್ನು ಹೇಳಿದ. ಗಾಡಿ ಗುದ್ದಿಸಿದವನು ಆಪಿಯಾದ ಮಾಲಂಗಿ. ಯಾರಿಗೂ ಹೇಳದೆ ನಿನ್ನೆ ಹಡಗಿನಲ್ಲಿ ಬಂದು, ಬಾಡಿಗೆ ಗಾಡಿ ಹಿಡಿದು ಊರಿಗೆ ಬರುತ್ತಿದ್ದನಂತೆ. ಸಂತೆ ಮುಗಿಸಿ ಹಿಂದೆಯೇ ಬರುತ್ತಿದ್ದ ತಾನಿಯೇಲು, ಮಾರಾಟವಾಗದೆ ಉಳಿದ ಗೆಡ್ಡೆಯ ಮೂಟೆಗಳ ಮೇಲೆ ಮುದುಕನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ. ಮೂಳೆಯಲ್ಲಿ ಬಿರುಕು, ಅಷ್ಟೇ. ಆದರೂ ಹೆದರಿದ್ದ ಮುದುಕನನ್ನು ಬಿಟ್ಟುಬರಲು ಮನಸ್ಸಾಗದೆ ರಾತ್ರಿಯೆಲ್ಲ ಪಕ್ಕದಲ್ಲೇ ಕುಳಿತಿದ್ದ.

"ನಮ್ಮನೆಯವರಿಗೆ ನಿನ್ನೇನೇ ಗೊತ್ತು," ಎಂದ ಯಾಕೊಪೊ. "ಆದ್ರೆ ಚಾಪೆ ಹೊದ್ದು ಕೂತೋರ ಹತ್ರ ಮಾತಾಡೋ ಹಾಗಿಲ್ವಲ್ಲ. ನನ್ನನ್ನೇ ಕಾಯ್ತಿದ್ರು. ನೀವು ಏಳೋ ಹೊತ್ತಿಗೆ ಹಸಿದಿರ್ತೀರಿ ಅಂತ ವಡೆಗೆ ಬಾಣಲೆ ಇಟ್ರು." ಅವನು ಕಿಲಕಿಲ ನಕ್ಕ. "ನನ್ನ ಸಾವಿನ ವಾರ್ತೆ ನಾನೇ ಕೇಳ್ದೆ. ಕೋಕೋಗೆ ಬಿಸ್ಕತ್ತು ಅದ್ದುತಾ ಇದ್ದೆ. ಗಾಬರಿಗೆ ಬಿಸ್ಕತ್ತು ಮುಳುಗೇ ಹೋಯ್ತು."

ಲೆಪೇಕ ಅಣ್ಣನ ತೋಳಿಗೆ ಗುದ್ದಿದಳು, ಆಮೇಲೆ ಅದೇ ತೋಳಿಗೆ ಮುಖ ಒರೆಸಿಕೊಂಡಳು. "ಫೋನು ಮೊಳೆಗೆ ನೇತು ಹಾಕಿ ಹೋಗ್ತೀಯಲ್ಲ, ಕತ್ತೆ! ನನ್ನ ಮದುವೆ ಚಾಪೆ ಹೋಯ್ತು ನೋಡು."

"ಹೋಗ್ಲೇಬೇಕು," ಎಂದ ಪೆನಿಯಾಮಿನ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. "ಗುದ್ದಿಸಿದವನೂ ಮಾಲಂಗಿಯೇ. ಯಾವ ಮಾಲಂಗಿ ಅಂತ ಮಂಡಿಗೆ ಲೆಕ್ಕ ಇಲ್ಲ. ಬರಬೇಕಾಗಿತ್ತು, ಬಂದ್ವಿ."

ಯಾಕೊಪೊ ಲೆಪೇಕಳ ಚಾಪೆಯನ್ನು ಮಡಿಲಿನಲ್ಲಿಟ್ಟುಕೊಂಡ. ಅರ್ಧ ಗರಿಯದನ್ನು ಮಸೀನಳ ಕಡೆಗೆ ಚಾಚಿದ. ಅವಳು ಕೈ ಹಿಂದೆ ತೆಗೆದುಕೊಂಡಳು. ಎತ್ತಿದ ಚಾಪೆಯನ್ನು ವಾಪಸ್ಸು ತರುವುದುಂಟೆ? ಮುದುಕ ಬರಿದಾದ ಅಂಚನ್ನು ಬೆರಳಿನಿಂದ ಸವರಿ, "ಇರ್ಲಿ, ಉಳಿದ ಗರಿ ನಮ್ಮ ಮುದುಕಿ ಕಟ್ತಾಳೆ. ಈ ಕಾಲು ವಾಸಿಯಾಗೋವರೆಗೆ ನನ್ನ ಪಕ್ಕ ಕೂತು ಏನು ಮಾಡ್ಲಿ ಅಂತ ಯೋಚಿಸ್ತಿದ್ದಾಳೆ," ಎಂದ.

ಅವತ್ತು ಸಂಜೆ ವಾಯಿಮೋಲಿಯಲ್ಲಿ ಶಂಖ ಊದುವ ಮುನ್ನ ರೇಡಿಯೊದಲ್ಲಿ ತಿದ್ದುಪಡಿ ಬಂತು. ಸಲೇಪುವದ ವೃದ್ಧರು ಬದುಕಿದ್ದಾರೆ, ತಪ್ಪಿಗೆ ವಿಷಾದಿಸುತ್ತೇವೆ. ಒಂದು ಸಾಲು ಅಷ್ಟೇ, ಕೂಡಲೇ ಹವಾಮಾನ ಶುರುವಾಯಿತು.

ಮಸೀನ ಚಾಪೆಯ ಮೇಲೆ ಕುಳಿತು ಶುರುಮಾಡಿದಳು. ಮೊದಲು ಯಾಕೊಪೊನ ಕಾಲು. ಆಮೇಲೆ ಇನ್ನೂ ಠಾಣೆಯಲ್ಲಿದ್ದ ಆಪಿಯಾದ ಮಾಲಂಗಿ. ಆಮೇಲೆ ಕೋಕೋ ಬುಟ್ಟಿಯ ಹೆಂಗಸು. ಅವಳ ಹೆಸರನ್ನು ಕೇಳಿರಲಿಲ್ಲವೆಂದು ಆಗ ನೆನಪಾಯಿತು. ದೇವರಿಗೆ ಗೊತ್ತಿರುತ್ತದೆ ಎಂದುಕೊಂಡು, ನನ್ನ ತೊಡೆಯ ಮೇಲೆ ಕುಳಿತವಳು ಎಂದಳು. ಆಮೇಲೆ ವಾರ್ತೆ ಹೇಳುವವನು. ಅವನಿಗೆ ಇನ್ನು ಮೇಲೆ ವಿಚಾರಿಸಿ ಹೇಳುವ ಬುದ್ಧಿ ಬರಲಿ.

ಎರಡನೆಯ ಶಂಖ ಊದಿತು. ಎಂದಿನಂತೆ ಗೊಣಗು ಕೇಳಿಸಲಿಲ್ಲ. ಅವಳು ಒಂದು ಕಣ್ಣು ತೆರೆದು ನೋಡಿದಳು. ತಾನಿಯೇಲು ಕಂಬಕ್ಕೆ ಒರಗಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ನಿನ್ನೆ ರಾತ್ರಿಯ ನಿದ್ದೆ ಅದು.

ಲೆಪೇಕ ಮೀನಿನ ಸಾರಿನ ಕಡೆಗೆ ಕಣ್ಸನ್ನೆ ಮಾಡಿದಳು. ಮಸೀನ ಬೇಡವೆಂದು ತಲೆಯಲ್ಲಾಡಿಸಿದಳು. ಆಮೆನ್ ಎಂದರೆ ಅವನಿಗೆ ಎಚ್ಚರವಾಗುತ್ತದೆ. ಅವಳು ಮತ್ತೆ ಕಣ್ಣು ಮುಚ್ಚಿ, ಹಡಗಿನಲ್ಲಿ ಮುಳುಗಿದ ಆ ಮೂರು ಸಾವಿರ ಕುರಿಗಳಿಂದ ಮುಂದುವರಿಸಿದಳು. ಈ ಸಲ ಅವುಗಳನ್ನು ಒಟ್ಟಿಗೆ ಸೇರಿಸಲಿಲ್ಲ.