ಅರ್ಥ ಹೇಳುವವರ ಜಾಗ

ಮೊನ್ನೆ ಗದಗಿನ ಪೇಟೆಯಲ್ಲಿ ಮೊಮ್ಮಗುವಿಗೆ ತೇಯ್ದು ನೆಕ್ಕಿಸಲೆಂದು ಬಜೆ ಬೇರು ಕೊಂಡೆ. ಅಂಗಡಿಯವನು ಪೊಟ್ಟಣ ಕಟ್ಟುವಾಗ ಅದರ ಘಾಟು ಮೂಗಿಗೆ ಬಡಿಯಿತು. ಮಗುವಿನ ಹೊಟ್ಟೆನೋವು ಮರೆತು ನನಗೆ ಒಂದು ಪುಸ್ತಕದ ನೆನಪಾಯಿತು. ಹುಳ ಬೀಳದಿರಲೆಂದು ನಮ್ಮ ಮನೆಯಲ್ಲಿ ಆ ಪುಸ್ತಕದ ಗಂಟಿನೊಳಗೆ ಬಜೆಯ ತುಂಡುಗಳನ್ನು ಇಡುತ್ತಿದ್ದರು. ಕೆಂಪು ವಸ್ತ್ರ ಬಿಚ್ಚಿದರೆ ಮೊದಲು ಬಜೆಯ ವಾಸನೆ, ಆಮೇಲೆ ಹಳೆಯ ಕಾಗದದ್ದು, ಕೊನೆಗೆ ಆಯಿ ಹಚ್ಚಿದ ಊದಿನಕಡ್ಡಿಯದು. ಆಯಿ ಎಂದರೆ ನನ್ನ ಅಜ್ಜಿ. ಮೊದಲ ಹಾಳೆಗಳು ಹರಿದುಹೋಗಿದ್ದರಿಂದ ಅದರ ಹೆಸರಾಗಲಿ, ಬರೆದವರಾಗಲಿ ಯಾರಿಗೂ ಗೊತ್ತಿರಲಿಲ್ಲ. ನಾವು ‘ದೊಡ್ಡ ಪುಸ್ತಕ’ ಎನ್ನುತ್ತಿದ್ದೆವು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದಿರಬೇಕು, ಈಗ ಎಲ್ಲಿ ಹೋಯಿತೆಂದು ನಿಮಗೂ ತಿಳಿದಿರಲಿಕ್ಕಿಲ್ಲ. ನಮ್ಮದೂ ಹೋಯಿತು, ಅದನ್ನು ಬಿಚ್ಚುತ್ತಿದ್ದ ಪಡಸಾಲೆಯೂ ಹೋಯಿತು.

ನಾಗಲೋಕದವರು ಕದ್ದೊಯ್ದ ಮಗನನ್ನು ಹುಡುಕಿಕೊಂಡು ಒಬ್ಬ ಅರಸ ತನ್ನ ಸಾರಥಿಯ ಜೊತೆ ಏಳು ಪಾತಾಳಗಳನ್ನು ಇಳಿಯುವ ಕಥೆ ಅದು. ಒಂದೊಂದು ಬಾಗಿಲಲ್ಲೂ ಏನಾದರೊಂದನ್ನು ಬಿಟ್ಟು ಮುಂದೆ ಹೋಗಬೇಕು. ಒಂದು ಕಡೆ ಕಿರೀಟ, ಒಂದು ಕಡೆ ಕುದುರೆ, ಇನ್ನೊಂದು ಕಡೆ ತನ್ನ ಹೆಸರು. ಕಥೆಯೊಳಗೆ ಕಥೆ, ಅದರ ಹೊಟ್ಟೆಯೊಳಗೆ ಮತ್ತೊಂದು. ಒಂದು ವಾಕ್ಯ ಶುರುವಾಗಿ ಮುಗಿಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಅದಕ್ಕೇ ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು ಎಂದು ಏರ್ಪಾಟಾಗಿತ್ತು. ಓದುವವನು ಬೆಟಗೇರಿಯ ನೇಕಾರ ಶಂಕ್ರಪ್ಪಜ್ಜ. ಅರ್ಥ ಹೇಳುವವನು ನನ್ನಜ್ಜ, ಹತ್ತಿ ವ್ಯಾಪಾರಿ, ಶಂಕ್ರಪ್ಪಜ್ಜನ ಬಾಲ್ಯದ ಗೆಳೆಯ. ಕಣ್ಣಿಗೆ ಪೊರೆ ಬಂದು ಅಜ್ಜನಿಗೆ ಅಕ್ಷರ ಕಾಣುತ್ತಿರಲಿಲ್ಲ. ಸಾಯುವುದರೊಳಗೆ ದೊಡ್ಡ ಪುಸ್ತಕವನ್ನು ಪೂರ್ತಿ ಕೇಳಬೇಕು, ಅದೂ ಗೆಳೆಯನ ಬಾಯಿಂದಲೇ ಕೇಳಬೇಕು ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ. ಸಂಜೆ ದೀಪ ಹಚ್ಚಿದ ಮೇಲೆ ಶಂಕ್ರಪ್ಪಜ್ಜ ಒಂದು ತುಂಡು ಓದಿ, ಸಾಲಿನ ಮೇಲೆ ಬೆರಳಿಟ್ಟು, “ಅಂದ್ರ?” ಎನ್ನುತ್ತಿದ್ದ. ಅಜ್ಜ ಕಂಬಕ್ಕೊರಗಿ ನಿಧಾನವಾಗಿ ಅರ್ಥ ಬಿಡಿಸುತ್ತಿದ್ದ.

ಕೇಳುವವರು ಮಾತ್ರ ಅಜ್ಜನ ಅರ್ಥಕ್ಕೆ ಅಷ್ಟಾಗಿ ಸೊಪ್ಪು ಹಾಕುತ್ತಿರಲಿಲ್ಲ. ಆಯಿಗೆ ಅದು ಪುರಾಣ. ಹೂ ಏರಿಸಿ, ಕೊಬ್ಬರಿ ಬೆಲ್ಲ ಎಡೆ ಇಟ್ಟು ಅಡುಗೆಮನೆಯ ಬಾಗಿಲಲ್ಲಿ ಕೂಡುತ್ತಿದ್ದಳು. ಆದರೆ ಅವಳ ಚಿಂತೆಯೆಲ್ಲ ನಾಗಲೋಕದಲ್ಲಿ ಆ ಹುಡುಗನಿಗೆ ರೊಟ್ಟಿ ಬಡಿದು ಹಾಕುವವರು ಯಾರು ಎಂಬುದರ ಬಗ್ಗೆ. ಖಾದಿ ತೊಟ್ಟು ಏಕೀಕರಣದ ಸಭೆಗಳಿಗೆ ಓಡಾಡುತ್ತಿದ್ದ ನನ್ನ ಕಾಕಾನಿಗೆ ಅದು ನಮ್ಮದೇ ಸುದ್ದಿ. ಗದಗ ಮುಂಬಯಿಗೆ, ಶಿರಹಟ್ಟಿ ಸಾಂಗಲಿಯವರಿಗೆ, ಲಕ್ಷ್ಮೇಶ್ವರ ಮಿರಜಿನವರಿಗೆ, ಮುಂಡರಗಿ ದಾಟಿದರೆ ನಿಜಾಮನಿಗೆ ಎಂದು ನಾಡು ಹಂಚಿಹೋಗಿತ್ತು. ಅರಸರು ಹೋದರೂ ಬಾಗಿಲುಗಳು ಪೂರ್ತಿ ತೆರೆದಿಲ್ಲ, ಏಳು ಪಾತಾಳ ಎಂದರೆ ಇನ್ನೇನು ಎಂದು ವಾದಿಸುತ್ತಿದ್ದ. ಪಕ್ಕದ ಮನೆಯ ನೀಲವ್ವ ಗೋಡೆಗೆ ಆತು ನಿದ್ದೆ ಹೋಗುತ್ತಿದ್ದಳು. ಯಾರಾದರೂ ಅಳುವ ಪ್ರಸಂಗ ಬಂದರೆ ಅದು ಹೇಗೆ ತಿಳಿಯುತ್ತಿತ್ತೋ, ತಟ್ಟನೆ ಎದ್ದು ತಾನೂ ಅತ್ತು ಮತ್ತೆ ಮಲಗುತ್ತಿದ್ದಳು. ನನಗಂತೂ ಮೂರನೆಯ ಬಾಗಿಲಲ್ಲಿ ಕಟ್ಟಿಹಾಕಿದ ಕುದುರೆಯದೇ ಧ್ಯಾನ. ಅದಕ್ಕೆ ನೀರು ಯಾರು ಕುಡಿಸುತ್ತಾರೆ ಎಂದು ದಿನಾ ಕೇಳಿ ದಿನಾ ಬೈಸಿಕೊಳ್ಳುತ್ತಿದ್ದೆ.

ಹೀಗೆ ನಗುತ್ತ ಜಗಳಾಡುತ್ತ ಏಳನೆಯ ಬಾಗಿಲಿಗೆ ಬಂದೆವು. ಅಲ್ಲಿ ಅರಸನಿಗೆ ಮಗ ಸಿಕ್ಕ. ಆದರೆ ಒಳಗೆ ಬಂದವರು ಇಬ್ಬರು, ಹೊರಗೆ ಹೋಗುವವರೂ ಇಬ್ಬರೇ ಎಂದು ದ್ವಾರಪಾಲಕ ತಡೆದ. ಅರಸ ಮಗನ ಕೈ ಹಿಡಿದು ಹೊರಟ, ಸಾರಥಿ ಕತ್ತಲಲ್ಲಿ ಉಳಿದ. ಶಂಕ್ರಪ್ಪಜ್ಜ ಬೆರಳಿಟ್ಟು “ಅಂದ್ರ?” ಎಂದ. ಅಜ್ಜ ಎಂದಿನಂತೆ ಹೇಳಿದ. ಅರಸ ಎಂದರೆ ಆತ್ಮ, ಸಾರಥಿ ಎಂದರೆ ದೇಹ; ಆತ್ಮ ದೇಹವನ್ನು ಬಿಡುವುದಕ್ಕೆ ದುಃಖ ಪಡಬಾರದು. ಶಂಕ್ರಪ್ಪಜ್ಜ ಕನ್ನಡಕ ತೆಗೆದ. “ಹಿಂದ ಉಳದಾಂವ ದೇಹ ಅಲ್ಲೊ, ಅವನೂ ಮನಷ್ಯಾನ” ಎಂದು ಪುಸ್ತಕ ಮುಚ್ಚಿ, ರುಮಾಲು ಎತ್ತಿಕೊಂಡು ಇಳಿದು ಹೋದ. ಆಗ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಆಯಿ ಹೇಳಿದಳು. ನಲವತ್ತೆರಡರ ಚಲೇಜಾವ್ ಚಳವಳಿಯಲ್ಲಿ ಇಬ್ಬರೂ ಕೂಡಿಯೇ ಜೈಲಿಗೆ ಹೋದವರು. ಅಜ್ಜನ ಅಣ್ಣ ಹೋಗಿ, ತನ್ನ ತಮ್ಮ ಇನ್ನು ಮುಂದೆ ಚಳವಳಿಗೆ ಇಳಿಯುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟು ಅವನನ್ನು ಬಿಡಿಸಿ ತಂದ. ಅಜ್ಜ ಬೇಡ ಎನ್ನಲಿಲ್ಲ. ಶಂಕ್ರಪ್ಪಜ್ಜ ಒಳಗೇ ಉಳಿದ, ಅವನ ಮಗ್ಗ ಬಹಳ ದಿನ ಸುಮ್ಮನಿತ್ತು. ಅಂದಿನಿಂದ ಇಬ್ಬರೂ ಆ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

ಓದು ನಿಂತಿತು. ಕಾಕಾ ತಾನು ಓದುತ್ತೇನೆ ಎಂದ. ನಿನ್ನ ದನಿ ಭಾಷಣದ್ದು ಎಂದು ಅಜ್ಜ ಬೇಡವೆಂದ. ಸಂಜೆ ದೀಪ ಹಚ್ಚಿದರೆ ಅವನು ಕಂಬಕ್ಕೊರಗಿ ಸುಮ್ಮನೆ ಕೂಡುತ್ತಿದ್ದ, ಬಾಗಿಲ ಕಡೆ ಕಿವಿ. ಅಷ್ಟರಲ್ಲಿ ನಾಡು ಒಂದಾಯಿತು. ಕಾಕಾ ಓಣಿಗೆಲ್ಲ ಪೇಢೆ ಹಂಚಿ ಬಂದು ಅಜ್ಜನ ಕೈಯಲ್ಲೂ ಒಂದು ಇಟ್ಟ. ಅಜ್ಜ ಅದನ್ನು ಬಾಯಿಗೆ ಹಾಕಲಿಲ್ಲ, “ಶಂಕ್ರಾಗ ಕೊಟ್ರ್ಯಾ?” ಎಂದು ಕೇಳಿದ. ಯಾರೂ ಕೊಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಅದೇ ಪೇಢೆಯನ್ನು ಹೊದ್ದ ವಸ್ತ್ರದ ಚುಂಗಿನಲ್ಲಿ ಕಟ್ಟಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, ಬೆಟಗೇರಿಗೆ ನಡೆದ. ನೇಕಾರರ ಓಣಿಗೆ ಬಂದಾಗ ಎಲ್ಲ ಮನೆಗಳಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಅದರಲ್ಲಿ ಶಂಕ್ರಪ್ಪಜ್ಜನದು ಯಾವುದೆಂದು ಅಜ್ಜನಿಗೆ ಕೇಳಿಯೇ ಗೊತ್ತಾಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತ.

“ಶಂಕ್ರಾ, ನಾ ಹೇಳಿದ ಅರ್ಥ ತಪ್ಪೈತಿ.”

ಲಾಳಿ ನಿಂತಿತು. “ಹಂಗಾರ ಸಾರಥಿ ಅಂದ್ರ?”

“ಸಾರಥಿ ಅಂದ್ರ ಸಾರಥೀನ. ಅರಸ ಅವನ್ನ ಬಿಟ್ಟು ಬಂದ. ಬರಬಾರದಿತ್ತು.”

ಶಂಕ್ರಪ್ಪಜ್ಜ ಮಗ್ಗದ ಕುಣಿಯಿಂದ ಮೇಲೆದ್ದು ಬಂದು ಅಜ್ಜನ ಕೈ ಹಿಡಿದು ಕೂರಿಸಿದ. ಪುಡಿಯಾಗಿದ್ದ ಪೇಢೆಯಲ್ಲಿ ನನಗಷ್ಟು ಕೊಟ್ಟು, ಅಜ್ಜನ ಬಾಯಿಗಷ್ಟು ಹಾಕಿ, ಉಳಿದದ್ದನ್ನು ತಾನು ತಿಂದ. ಸಂಜೆ ಬರುತ್ತೇನೆ ಎಂದ. ಬಂದ. ಆಮೇಲೆ ಅಜ್ಜನ ಅರ್ಥಗಳು ಚಿಕ್ಕವಾದವು. ಕೆಲವೊಮ್ಮೆ ತನಗೂ ತಿಳಿಯಲಿಲ್ಲ ಎಂದು ನಕ್ಕುಬಿಡುತ್ತಿದ್ದ. ಆ ಸಂಜೆಗಳಷ್ಟು ಸುಖದ ಸಂಜೆಗಳನ್ನು ನಾನು ಮತ್ತೆ ಕಾಣಲಿಲ್ಲ.

ಕೊನೆಯ ಅಧ್ಯಾಯವೊಂದು ಉಳಿದಿರುವಾಗ, ಹತ್ತಿ ಬಿಡಿಸುವ ದಿನಗಳಲ್ಲಿ ಅಜ್ಜ ಜ್ವರ ಬಂದು ತೀರಿಕೊಂಡ. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಶಂಕ್ರಪ್ಪಜ್ಜ ತಾನಾಗಿ ಬಂದು ಗಂಟು ಬಿಚ್ಚಿದ. ಬಜೆಯ ವಾಸನೆ ಪಡಸಾಲೆ ತುಂಬಿತು. ಅರಸ ಮಗನಿಗೆ ಪಟ್ಟ ಕಟ್ಟಿ, ಒಬ್ಬನೇ ಏಳನೆಯ ಬಾಗಿಲಿಗೆ ಮರಳಿ ಹೋಗುತ್ತಾನೆ. ಬಾಗಿಲು ತೆರೆಯುವುದಿಲ್ಲ. ಹೊರಗೆ ಕುಳಿತು ದಿನಾ ಸಂಜೆ ಮೇಲಿನ ಊರಿನ ಸುದ್ದಿಯನ್ನು ಸಾರಥಿಗೆ ಹೇಳುತ್ತಾನೆ, ಒಳಗಿನಿಂದ ಉತ್ತರ ಬರುವುದಿಲ್ಲ. ಅಷ್ಟು ಓದಿದ ಶಂಕ್ರಪ್ಪಜ್ಜ ರೂಢಿಯಂತೆ ಸಾಲಿನ ಮೇಲೆ ಬೆರಳಿಟ್ಟು, ಕಂಬದ ಕಡೆ ತಿರುಗಿ, “ಅಂದ್ರ?” ಎಂದುಬಿಟ್ಟ.

ಕಾಕಾ ತಲೆ ತಗ್ಗಿಸಿದ. ನೀಲವ್ವ ಎಚ್ಚರವಾಗಿಯೇ ಇದ್ದಳು, ಅಳಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಆಯಿ ಮೆಲ್ಲಗೆ ಹೇಳಿದಳು.

“ಅವರಿಗೆ ತಿಳದೈತಿ, ಶಂಕ್ರಪ್ಪಣ್ಣ. ಮುಂದ ಓದ್ರಿ.”

ಶಂಕ್ರಪ್ಪಜ್ಜ ಮುಂದೆ ಓದಿದ. ಕುದುರೆಯ ಸುದ್ದಿ ಕೊನೆಗೂ ಬರಲಿಲ್ಲ, ನಾನೂ ಕೇಳಲಿಲ್ಲ. ಒಂದೊಂದು ತುಂಡು ಮುಗಿದಾಗಲೂ ಅವನು ನಿಲ್ಲುತ್ತಿದ್ದ, ಅಜ್ಜ ಅರ್ಥ ಹೇಳಿ ಮುಗಿಸುವಷ್ಟು ಹೊತ್ತು ಕಾಯುತ್ತಿದ್ದ, ಆಮೇಲೆ ಬೆರಳನ್ನು ಮುಂದಿನ ಸಾಲಿಗೆ ಸರಿಸುತ್ತಿದ್ದ.