ವೈರ್‌ಗೂ ಬೆಡಗು ಕೇಳುತ್ತಿದ್ದ ನಂಜುಂಡಣ್ಣ

ಅಂಜಿಕೆಯೇ ವಿವೇಕದ ಮೊದಲ ಮೆಟ್ಟಿಲು ಎಂದು ತಿಳಿದವರು ಹೇಳುತ್ತಾರೆ. ನಮ್ಮ ನಂಜುಂಡಣ್ಣ ಆ ಮೆಟ್ಟಿಲ ಮೇಲೆಯೇ ಅಂಗಡಿ ಇಟ್ಟು, ಇಪ್ಪತ್ತು ವರ್ಷ ಎರಡನೆಯದಕ್ಕೆ ಕಾಲಿಡಲಿಲ್ಲ.

ಯಲಹಂಕದ ಹಳೇಪೇಟೆಯಲ್ಲಿ ಅವರದು ಕಂಪ್ಯೂಟರ್ ರಿಪೇರಿಯ ಅಂಗಡಿ. ಅದಕ್ಕೆ ಮೊದಲು ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಬೋರ್‌ವೆಲ್ ಇದ್ದ ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾದ ಮೇಲೆ ಕಸುಬು ಬದಲಿಸಿದರು. ಆಳು ಆರಡಿ, ಮೀಸೆ ದಫೇದಾರನದು. ಆದರೆ ಕಂಪ್ಯೂಟರಿನ ಡಬ್ಬ ಬಿಚ್ಚುವ ಮುನ್ನ ಅದರ ವೈರನ್ನು ಗೋಡೆಯಿಂದ ಕಿತ್ತು ಹಾರದಂತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. "ನನ್ ಮೈಮೇಲಿದ್ರೆ ಯಾರೂ ಗೋಡೆಗೆ ಚುಚ್ಚಕ್ಕಾಗಲ್ಲ ಸಾ" ಎನ್ನುವರು. ಹಾಗೆ ಅಲಂಕೃತರಾಗಿಯೇ ಎದುರಿನ ಹೋಟೆಲಿಗೆ ಕಾಫಿಗೆ ಹೋದದ್ದೂ ಉಂಟು. ಸನ್ಮಾನ ಎಲ್ಲಿ ನಡೆಯಿತೆಂದು ಸಪ್ಲೈಯರು ಕೇಳುತ್ತಿದ್ದ.

ಗೋಡೆಯ ಕರೆಂಟನ್ನು ಪಳಗಿಸಿ ಕಂಪ್ಯೂಟರಿನ ಒಳಭಾಗಗಳಿಗೆಲ್ಲ ಹಂಚುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎಂದು ಹೆಸರು. ಅದರ ವೈರುಗಳನ್ನು ಹೊಸ ಮದರ್‌ಬೋರ್ಡಿಗೆ ಹೊಂದಿಸುವುದನ್ನು ನಂಜುಂಡಣ್ಣ 'ಸಂಬಂಧ ನೋಡೋದು' ಎನ್ನುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಪ್ಲಗ್ಗನ್ನು ಮೂಗಿನ ಹತ್ತಿರ ಹಿಡಿದು ತೂತುಗಳನ್ನು ಎಣಿಸುವರು. ಚೌಕ ತೂತು ಯಾವುದು, ಮೂಲೆ ಸವೆದದ್ದು ಯಾವುದು ಎಂದು ತಿರುಗಿಸಿ ತಿರುಗಿಸಿ ನೋಡುವರು.

"ಇಪ್ಪತ್ನಾಕು ತೂತಿನೋಳು ದೊಡ್ ಸೊಸೆ, ಅವ್ಳ ಜಾಗ ತಪ್ಪಲ್ಲ. ಈ ಎಂಟು ತೂತಿನೋರು ಇಬ್ರು ಅವ್ರೆ, ಅವಳಿಜವಳಿ. ಒಬ್ಳು ಪ್ರೊಸೆಸರ್ ಮನೆಗೆ, ಇನ್ನೊಬ್ಳು ಗ್ರಾಫಿಕ್ಸ್ ಕಾರ್ಡ್ ಮನೆಗೆ. ಬಲವಂತ ಮಾಡಿ ಅದ್ಲುಬದ್ಲು ನುಗ್ಗಿಸಿದ್ರೋ, ಮನೆ ಸುಟ್ಟೋಯ್ತದೆ."

ಎಲ್ಲಕ್ಕಿಂತ ಮುಖ್ಯ ಬೆಡಗು. ಅವರ ಜನದಲ್ಲಿ ಬೆಡಗು ಎಂದರೆ ವಂಶದ ಕವಲು. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. "ವೈರಲ್ಲಿ ಉಲ್ಟಾ ಸಾ. ಯಾವ ಪೆಟ್ಗೆ ಜೊತೆ ಬಂತೋ ಅದೇ ಪೆಟ್ಗೆಗೇ ಆಗ್ಬೇಕು. ಬೇರೆ ಕಂಪ್ನೀದು ಮೂತಿ ಒಂದೇ ತರ ಇರ್ತದೆ, ಕರೆಂಟ್ ಬರೋ ದಾರಿನೇ ಬೇರೆ. ಮೂತಿ ನೋಡಿ ಹೆಣ್ ಕೊಡಬಾರ್ದು."

ಈ ಉಪದೇಶವನ್ನು ನಾನು ಹಲವು ಸಲ ತಲೆದೂಗಿ ಕೇಳಿದ್ದೆ. ತಲೆದೂಗುವಾಗ ಒಳಗಿದ್ದದ್ದು ಹೊರಚೆಲ್ಲುತ್ತದೆಂದು ಕಾಣುತ್ತದೆ.

ನಮ್ಮ ಅಕ್ಕ ನಿವೃತ್ತ ಕನ್ನಡ ಟೀಚರು, ನಮ್ಮ ಮನೆಯಲ್ಲೇ ಇರುವವಳು. ಜಕ್ಕೂರು, ಬಾಗಲಗುಂಟೆಯ ಹಳೆಯ ಮನೆಗಳಿಗೆ ಆರು ವರ್ಷ ಅಲೆದು, ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆ ಹೊಡೆದವರ, ಕೆರೆಯ ತೂಬು ಕಾಯ್ದವರ ಮಾತುಗಳನ್ನು ಅವರ ದನಿಯಲ್ಲೇ ಹಿಡಿದಿಟ್ಟು ಒಂದು ಪದಕೋಶ ಮಾಡುತ್ತಿದ್ದಳು. ಹೇಳಿದವರಲ್ಲಿ ಅರ್ಧ ಜನ ಈಗಿಲ್ಲ. ಅದೆಲ್ಲ ಇದ್ದದ್ದು ನನ್ನ ಕಂಪ್ಯೂಟರಿನ ಒಂದೇ ಹಾರ್ಡ್‌ಡಿಸ್ಕಿನಲ್ಲಿ. ಇನ್ನೊಂದು ಪ್ರತಿ ತೆಗೆದಿಟ್ಟೆಯೇನೋ ಎಂದು ಅವಳು ಕೇಳಿದಾಗಲೆಲ್ಲ ಇಟ್ಟಿದ್ದೇನೆ ಎಂದಿದ್ದೆ. ಇಡುವ ಉದ್ದೇಶವಂತೂ ಪ್ರಾಮಾಣಿಕವಾಗಿತ್ತು.

ಕಳೆದ ವರ್ಷ ಹೊಸ ಮದರ್‌ಬೋರ್ಡನ್ನೂ ಹೊಸ ಎಸ್‌ಎಂಪಿಎಸ್ಸನ್ನೂ ತಂದು ಜೋಡಣೆಗೆ ನಾನೇ ಇಳಿದೆ. ದೊಡ್ಡ ಸೊಸೆ, ಅವಳಿಜವಳಿ ಎಲ್ಲರೂ ಸರಿಯಾದ ಮನೆ ಸೇರಿದರು. ಡಿಸ್ಕಿಗೆ ಹೋಗುವ, ಹಳೆಯ ಪೆಟ್ಟಿಗೆಯ ವೈರು ಮಾತ್ರ ಡಬ್ಬದ ಬೆನ್ನಿಗೆ ಅಚ್ಚುಕಟ್ಟಾಗಿ ಅಂಟಿಕೊಂಡಿತ್ತು. ಅದನ್ನೇಕೆ ಎಬ್ಬಿಸುವುದೆಂದು ಅದರ ತುದಿಯನ್ನೇ ಹೊಸ ಪೆಟ್ಟಿಗೆಗೆ ಚುಚ್ಚಿದೆ. ಟಕ್ಕೆಂದು ಕೂತಿತು. ಸ್ವಿಚ್ ಒತ್ತಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಏನೋ ಸುಟ್ಟ ಸಣ್ಣ ವಾಸನೆ. ಒಳಗೆ ಅಕ್ಕ ರೇಡಿಯೋ ಕೇಳುತ್ತಿದ್ದಳು. ನಾನು ಬಾಗಿಲು ಮುಂದಕ್ಕೆ ಮಾಡಿ, ಕಳ್ಳನ ದನಿಯಲ್ಲಿ ನಂಜುಂಡಣ್ಣನಿಗೆ ಫೋನು ಮಾಡಿದೆ.

ಬಂದವರು ಮೊದಲು ವೈರನ್ನು ಕಿತ್ತು ಕೊರಳಿಗೆ ಹಾಕಿಕೊಂಡರು. ಆಮೇಲೆ ಡಿಸ್ಕಿನ ವೈರು ಹಿಡಿದು ತುದಿಯವರೆಗೆ ಬೆರಳಾಡಿಸಿದರು.

"ಇದ್ಯಾವ ಬೆಡಗು ಸಾ?"

"ಹಳೇದು."

"ಒತ್ತಿದ್ರಾ?"

ನಾನು ನೆಲದ ಮೇಲಿದ್ದ ಸ್ಕ್ರೂಗಳನ್ನು ಆಯತೊಡಗಿದೆ.

"ಒತ್ತಿದ್ರಾ ಅಂದೆ."

"ಒಂದೇ ಸಲ."

ಕುಕ್ಕರಗಾಲಿನಲ್ಲಿದ್ದವರು ನೆಲದ ಮೇಲೇ ಕೂತರು. "ನಾನೂ ಒಂದ್ಸಲ ಇಂಗೇ ಮಾಡಿದ್ದೆ. ಒಂದ್ ಹುಡುಗೀದು ಮದ್ವೆ ವಿಡಿಯೋ. ಅವ್ರಪ್ಪ ತೀರೋಗಿದ್ರು, ಮಾತಾಡ್ತಾ ಇದ್ದಿದ್ದು ಅದ್ರಲ್ಲಿ ಮಾತ್ರ. ಎಲ್ಲಾ ಹೋಯ್ತು. ಡಿಸ್ಕೇ ಹಳೇದಮ್ಮ ಅಂತ ಸುಳ್ ಹೇಳ್ದೆ. ಪಾಪ, ನಂಬಿ, 'ಥ್ಯಾಂಕ್ಸ್ ಅಂಕಲ್' ಅಂದು ಹೋದ್ಲು." ಡಿಸ್ಕಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಾನ್ ಎದ್ರೋದು ಕರೆಂಟಿಗಲ್ಲ ಸಾ" ಎಂದರು.

ಡಿಸ್ಕನ್ನು ಬಿಚ್ಚಿ, ಅದರ ಹಸಿರು ಹಲಗೆಯ ಮೇಲೆ ಭೂತಗನ್ನಡಿ ಹಿಡಿದು, ರಾಗಿ ಕಾಳಿನಷ್ಟು ಕರಿಯ ತುಣುಕೊಂದನ್ನು ತೋರಿಸಿದರು. "ಇವ್ನು ಕಾವಲುಗಾರ. ಜಾಸ್ತಿ ಕರೆಂಟ್ ಬಂದ್ರೆ ತಾನ್ ಸತ್ತು ಒಳಗಿರೋರ್ನ ಉಳಿಸ್ತಾನೆ. ಸತ್ತವ್ನೆ. ಕಿತ್ತಾಕಿದ್ರೆ ಡಿಸ್ಕು ಒಂದ್ಸಲ ಓಡ್ಬೋದು. ಓಡ್ದೇನೂ ಇರ್ಬೋದು."

"ಕಿತ್ತುಬಿಡಿ."

"ಟೀಚರಮ್ಮನ್ನ ಕರೀರಿ."

"ಆಮೇಲೆ ಹೇಳೋಣ ನಂಜುಂಡಣ್ಣ, ದಮ್ಮಯ್ಯ."

"ಯಾರ್ ಸಾಮಾನೋ ಅವ್ರ ಎದುರಿಗೇ ಕೀಳೋದು. ಇಲ್ಲಾಂದ್ರೆ ನಾನ್ ಹೊರಟೆ."

ಅಕ್ಕ ಬಂದಳು. ನಡೆದದ್ದನ್ನೆಲ್ಲ ಹೇಳಿದೆ, ಇನ್ನೊಂದು ಪ್ರತಿ ಇಲ್ಲವೆಂಬುದನ್ನೂ. ಅವಳು ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದಳು.

"ಎಷ್ಟ್ ಸಲ ಕೇಳಿದ್ನೋ ಸೀನ?"

ಅವಳು ನಂಜುಂಡಣ್ಣನ ಕಡೆ ತಿರುಗಿದಳು. "ನಿಮ್ ಕೈ ನಡುಗ್ತಾ ಇದ್ಯಲ್ರೀ?"

"ಯಾವಾಗ್ಲೂ ನಡುಗ್ತದೆ ಟೀಚರಮ್ಮ. ಸಾಲ್ಡರಿಂಗ್ ಐರನ್ ಕಾದ ಮೇಲೆ ನಿಲ್ತದೆ."

"ಹಾಗಾದ್ರೆ ಕೀಳಿ."

ಬೆಸುಗೆಯ ಐರನ್ ಕಾಯಿತು. ಕೈ ನಿಲ್ಲಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದು ಆ ಕಾಳನ್ನು ಕಿತ್ತರು. ಹೊಸ ಪೆಟ್ಟಿಗೆಯದೇ ವೈರನ್ನು ಡಿಸ್ಕಿಗೆ ಹಾಕಿ, ನಕಲಿಗೆಂದು ತಮ್ಮ ಚೀಲದಿಂದ ಇನ್ನೊಂದು ಡಿಸ್ಕನ್ನೂ ಜೋಡಿಸಿ, ಕೊರಳಿನ ವೈರನ್ನು ತೆಗೆದು ಗೋಡೆಗೆ ಚುಚ್ಚಿ, ಅಲ್ಲೇ ಬೆನ್ನು ಕೊಟ್ಟು ನಿಂತರು. ಸ್ವಿಚ್ ಒತ್ತಿದವಳು ಅಕ್ಕ.

ನಂಜುಂಡಣ್ಣನನ್ನು ನಾನು ಕಂಡದ್ದು ಆವತ್ತೇ ಕೊನೆ. ಮುಂದಿನ ತಿಂಗಳು ಹೃದಯಾಘಾತವಾಗಿ ತೀರಿಕೊಂಡರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳನ್ನು ಮಾರುತ್ತಾರೆ.

ಡಿಸ್ಕು ಐವತ್ತು ನಿಮಿಷ ಓಡಿ ನಿಂತಿತು, ಮತ್ತೆ ಏಳಲಿಲ್ಲ. ಅಷ್ಟರಲ್ಲಿ ಪದಗಳೆಲ್ಲ ನಕಲಾಗಿದ್ದವು. ದನಿಗಳಲ್ಲಿ ಹನ್ನೊಂದು ಸಿಗಲಿಲ್ಲ.