ಸಂಗಡಿಗರು ಎಂಬ ಒಬ್ಬಾಕೆ

ಮನುಷ್ಯನ ದೇಹ ಅಳಿದರೂ ಧ್ವನಿ ಉಳಿಯುತ್ತದೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯದೆ ಇದ್ದರೆ.

ನನ್ನವುಗಳಲ್ಲಿ ಅರ್ಧಕ್ಕೆ ಹಿಡಿದಿತ್ತು. ಮದ್ದೂರಿನ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಭಾನುವಾರ ಬಂತೆಂದರೆ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಮದುವೆಮನೆಗಳಿಗೆ ಹೋಗಿ ಸೋಬಾನೆ ಪದ ತುಂಬಿಕೊಂಡು ಬರುವ ಚಟ ನನಗಿತ್ತು. ಕರೆಯದ ಮದುವೆಗೂ ಹೋಗುತ್ತಿದ್ದೆ. ವಿದ್ಯೆಯ ಹೆಸರಿನಲ್ಲಿ ಬೇಕಾದಷ್ಟು ಉಂಡಿದ್ದೇನೆ. ನಿವೃತ್ತನಾದ ಮೇಲೆ ಮೈಸೂರಿನ ಒಂದು ಧ್ವನಿ ಸಂಗ್ರಹಾಲಯದವರು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, "ವಿವರಣೆಯ ಮಾರ್ಕಪ್ ನೀವೇ ಮಾಡಿಕೊಡಿ ಸರ್" ಎಂದರು. ಅವರು ಮಾರ್ಕಪ್ ಎನ್ನುತ್ತಾರೆ, ನಾನು ನಮೂನೆ ಎನ್ನುತ್ತೇನೆ. ಜಾಲದಲ್ಲಿ ಹಾಕಿದ್ದನ್ನು ಮನುಷ್ಯರಿಗಿಂತ ಮೊದಲು ಯಂತ್ರ ಓದುತ್ತದಂತೆ. ಅದಕ್ಕೆ ಅರ್ಥವಾಗಬೇಕಾದರೆ ಪುಟ್ಟ ಪುಟ್ಟ ವಾಕ್ಯವಾಗಿ ಒಡೆದು ಹೇಳಬೇಕು: ಈ ಪದ ಈ ಕ್ಯಾಸೆಟ್ಟಿನದು, ಕ್ಯಾಸೆಟ್ಟು ಈ ಊರಿನದು, ಹಾಡಿದವರು ಇಂಥವರು. ಹಾಡಿದ ಒಬ್ಬೊಬ್ಬರಿಗೂ ಜಾಲದಲ್ಲಿ ಒಂದು ಸ್ವಂತ ವಿಳಾಸ.

ನಾಲ್ಕು ತಿಂಗಳು ಕೂತು ಮಾಡಿದೆ. "ಅಡಚಣೆ" ಎಂಬ ಕಲಮನ್ನೂ ಇಟ್ಟೆ. ನಾಯಿ ಬೊಗಳಿದ್ದು, ಬಸ್ಸಿನ ಹಾರನ್ನು, ಕೆಮ್ಮು, ಎಲ್ಲವೂ ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡು ಎಂಬುದರ ಸಮೇತ. ನಾಯಿಗಳನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ ಗ್ರಂಥಪಾಲಕ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಶುಕ್ರವಾರ ನಮೂನೆಗೆ ಬೀಗ, ಆಮೇಲೆ ತಿದ್ದುವಂತಿಲ್ಲ ಎಂದಾಗಿತ್ತು. ಅದೇ ವಾರದ ಸೋಮವಾರ ಪರೀಕ್ಷೆಗೆಂದು ಯಂತ್ರವನ್ನು ಕೇಳಿದೆ: ಅತಿ ಹೆಚ್ಚು ಪದ ಹಾಡಿದವರು ಯಾರು? "ಸಂಗಡಿಗರು" ಎಂದಿತು. ರೇಡಿಯೊ ಕೇಳಿ ಬೆಳೆದ ನಾನು ಪ್ರತಿ ಕ್ಯಾಸೆಟ್ಟಿನ ಮೇಲೂ ಪದವನ್ನು ಮುಂದಾಗಿ ಹೇಳುವ ಹೆಂಗಸಿನ ಹೆಸರು ಬರೆದು, "ಮತ್ತು ಸಂಗಡಿಗರು" ಎಂದು ಸೇರಿಸಿ ಕೈತೊಳೆದುಕೊಂಡಿದ್ದೆ. ಯಂತ್ರ ಅದನ್ನು ಒಬ್ಬಾಕೆ ಎಂದುಕೊಂಡು ವಿಳಾಸವನ್ನೂ ಕೊಟ್ಟಿತ್ತು. ಈ ಮಹಾತಾಯಿ ಬೆಸಗರಹಳ್ಳಿಯಿಂದ ಮಳವಳ್ಳಿಯವರೆಗೆ, ನನ್ನ ಹಾಗೆಯೇ, ಒಂದು ಮದುವೆಯನ್ನೂ ಬಿಟ್ಟಿರಲಿಲ್ಲ.

ನಗು ಬಂತು, ಮಂಗಳವಾರದವರೆಗೆ. ಅವತ್ತು ಬೆಸಗರಹಳ್ಳಿಯ ಅಂಗನವಾಡಿ ಟೀಚರೊಬ್ಬಳು ಮನೆಗೆ ಬಂದಳು.

"ನಮ್ಮವ್ವ ಓಗಿ ವರ್ಸ ಆಯ್ತು ಸಾ. ಪೋಟೊ ಅದೆ, ದನಿ ಎಲ್ಲೂ ಇಲ್ಲ. ನಮ್ಮ ಮಾವನ ಮದ್ವೇಲಿ ನೀವು ಟೇಪು ಮಾಡಿದ್ರಂತೆ. ಅವ್ವ ಸೊಲ್ಲು ಕೊಡ್ತಿದ್ಲು."

ಮುಂದಿನವಳು ಹೇಳಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳುವುದೇ ಸೊಲ್ಲು. ಅಂದರೆ ಸಂಗಡಿಗರು. ಪದ ಹಾಕಿದೆ. ಮೂರು ಸಲ ಕೇಳಿ, "ಇದ್ರಲ್ಲಿ ಅವ್ವ ಯಾವ್ದು ಸಾ?" ಎಂದು ನನ್ನನ್ನೇ ಕೇಳಿದಳು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬುಧವಾರ ಇಬ್ಬರೂ ಬಸ್ಸು ಹತ್ತಿ ಚಿಕ್ಕರಸಿನಕೆರೆಗೆ ಹೋದೆವು. ಅಂದು ಮುಂದೆ ಹೇಳಿದ್ದ ಅಜ್ಜಿ ಅಲ್ಲಿದ್ದಳು. ದಾರಿಯಲ್ಲಿ ಮೂರು ಸಲ ಸೀಟು ಬದಲಾಯಿಸಿದೆ. ಮೊಬೈಲನ್ನು ಕಿವಿಗಿಟ್ಟಾಗ ಅಜ್ಜಿ ಮೊದಲು ತನ್ನ ದನಿಯನ್ನು ತಾನೇ ಮೆಚ್ಚಿಕೊಂಡಳು. ಜೊತೆಯಲ್ಲಿ ಕೂತಿದ್ದವರ ಹೆಸರನ್ನೆಲ್ಲ ಬೆರಳು ಮಡಚಿ ಹೇಳಿದಳು. ಆಮೇಲೆ ಟೀಚರಿನ ಕಡೆ ತಿರುಗಿ,

"ನಿಮ್ಮವ್ವ ಇದ್ದೇನೋ ಇದ್ಲು. ಪದ ಏಳ್ನಿಲ್ಲ ಕಣವ್ವ. ಗಂಟ್ಲು ಕಟ್ಟಿತ್ತು, ಸುಮ್ಕೆ ಬಾಯಾಡುಸ್ಕೊಂಡು ಕುಂತಿದ್ಲು."

"ಒಂದು ಸಾಲೂ ಇಲ್ವಾ ಅಜ್ಜಿ?"

"ಈ ಮೇಷ್ಟ್ರು ಬುಟ್ರಾ? ಕೆಮ್ಮೋರು ಇಂದಕ್ಕೆ ಓಗ್ರಮ್ಮ, ಟೇಪು ಕೆಡ್ತದೆ ಅಂತ ಗದರುಸಿ ಗ್ವಾಡೆ ತಾವ್ಕೆ ಕಳುಸ್ಬುಟ್ರು. ದೊಡ್ಡ ಕಲೆಕ್ಟ್ರು!"

ಟೀಚರು ನನ್ನ ಕಡೆ ನೋಡಲಿಲ್ಲ. ನೋಡಿ ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು. ನಾನು ಮೊಬೈಲಿನಲ್ಲಿ ಆ ಪದದ ನಮೂನೆ ತೆರೆದೆ. ಅಡಚಣೆ: ನಾಯಿ ಎರಡು ಕಡೆ, ಬಸ್ಸು ಒಂದು ಕಡೆ, ಕೆಮ್ಮು ಒಂದು ಕಡೆ. ನಾಲ್ಕನೇ ನಿಮಿಷ, ಹನ್ನೆರಡನೇ ಸೆಕೆಂಡು. ಅಲ್ಲಿಗೇ ತಂದು ಹಾಕಿದೆ. ದೂರದಿಂದ ಎರಡು ಗಿಡ್ಡ ಕೆಮ್ಮು, ಸೆರಗಿನಲ್ಲಿ ಅದುಮಿದ ಮೂರನೆಯದು.

"ಇನ್ನೊಂದ್ಸಲ ಆಕಿ ಸಾ." ಹಾಕಿದೆ. "ಅವ್ವನೇಯ. ಒಲೆ ಊದ್ಬೇಕಾದ್ರೆ ಇಂಗೇ ಕೆಮ್ಮೋಳು."

"ಕೆಮ್ಮು ಮಾತ್ರ ಬೋ ಚೆಂದಾಗಿ ಬಂದದೆ," ಎಂದಳು ಅಜ್ಜಿ.

ಗುರುವಾರ ಇಡೀ ದಿನ, ಅಜ್ಜಿ ಹೇಳಿದ ಹೆಸರುಗಳನ್ನೆಲ್ಲ ಸೇರಿಸಲು, ಆ ಪದದ ನಮೂನೆ ಬಿಚ್ಚಿ ಕಟ್ಟಿದೆ. "ಕೆಮ್ಮು ಹಾಡಲ್ಲವಲ್ಲ ಸರ್" ಎಂದು ಸಂಗ್ರಹಾಲಯದವರು ಫೋನಿನಲ್ಲಿ ತಕರಾರು ತೆಗೆದರು. ಹಾಡಲ್ಲದಿದ್ದರೆ ಹಾಜರಿ ಎಂದು ಬರೆದುಕೊಳ್ಳಿ ಎಂದೆ.

ಶುಕ್ರವಾರ ಸಂಜೆ ಬೀಗ ಬಿತ್ತು. ಆ ಒಂದು ಪದದ ಕೆಳಗೆ ಹತ್ತು ಹೆಂಗಸರ ಹೆಸರಿದೆ. ಹತ್ತನೆಯದರ ಮುಂದೆ ನಾಲ್ಕನೇ ನಿಮಿಷ, ಹನ್ನೆರಡನೇ ಸೆಕೆಂಡು, ಕೆಮ್ಮು ಎಂದಿದೆ. ಉಳಿದ ಕ್ಯಾಸೆಟ್ಟುಗಳಲ್ಲಿ "ಮತ್ತು ಸಂಗಡಿಗರು" ಎಂದೇ ಇದೆ.